ಡಿಟಿಎಸ್‌ದಾಗ ಕ್ಲಾಕ್ ಸರಿ ಅದ, ಡ್ರೈವರ್ ಪ್ರೋಬ್ ಆಗ್ಯದ, ಮೀಟರ್ ಮಾತ್ರ ಮಾತಾಡ್ವಲ್ದು

ತೊಗರಿ_ಗೇಟ್‌ವೇ · ಕಲಬುರಗಿ

ನಮಸ್ಕಾರ್ರಿ ಎಲ್ಲಾರಿಗೂ. ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ಒಂದು ತೊಗರಿ ಬ್ಯಾಳಿ ಮಿಲ್ಲಿಗೆ ಎನರ್ಜಿ ಮೀಟರ್ ಓದೋ ಗೇಟ್‌ವೇ ಮಾಡ್ಲಕತ್ತೀನಿ. ಮೋಟಾರಿಗೊಂದು ಮೀಟರ್, ಎಲ್ಲಾ ಆರ್‌ಎಸ್-485 (ಸೀರಿಯಲ್ ಲೈನ್) ಮ್ಯಾಗ ಮಾಡ್‌ಬಸ್ (ಮೀಟರ್ ಓದೋ ಪ್ರೋಟೋಕಾಲ್), 9600 ಬಾಡ್ (ಸೆಕೆಂಡಿಗೆ 9600 ಬಿಟ್). ಬೋರ್ಡ್ ಡಿಸೈನ್ ನಮ್ದ, ಅಸೆಂಬ್ಲಿ ಹೊರಗ ಕೊಟ್ಟೀವಿ. ಲಿನಕ್ಸ್ ಓಡೋ ಆರ್ಮ್ ಮಾಡ್ಯೂಲ್ ಒಂದು, ಅದಕ್ಕ ಐ2ಸಿ (ಚಿಪ್ಪಿನಿಂದ ಚಿಪ್ಪಿಗೆ ಹೋಗೋ ಬಸ್) ಮ್ಯಾಗ ಎಸ್‌ಸಿ16ಐಎಸ್752 ಚಿಪ್, ಅದರಾಗ ಎರಡು ಯುಆರ್ಟ್ (ಸೀರಿಯಲ್ ಪೋರ್ಟ್), ಪೋರ್ಟ್ ಎ ಮೀಟರ್ ಕಡಿ, ಪೋರ್ಟ್ ಬಿ 4ಜಿ ಮೋಡೆಮ್ ಕಡಿ.

ಡಿವೈಸ್ ಟ್ರೀದಾಗ (ಬೋರ್ಡ್ ಮ್ಯಾಗ ಏನೇನ್ ಅದ ಅಂತ ಕರ್ನೆಲಿಗೆ ಹೇಳೋ ಡಿಟಿಎಸ್ ಫೈಲ್) ಚಿಪ್ಪಿನ ನೋಡ್ ಬರ್ದೀನಿ, ಕ್ಲಾಕ್ಸ್ ಪ್ರಾಪರ್ಟಿಗೆ ಒಂದು ಫಿಕ್ಸ್ಡ್ ಕ್ಲಾಕ್ ತೋರ್ಸೀನಿ, 14745600 ಹರ್ಟ್ಜ್, ನಮ್ಮ ಸ್ಕೀಮ್ಯಾಟಿಕ್‌ದಾಗ ಇರೋ ಕ್ರಿಸ್ಟಲ್ (ಚಿಪ್ಪಿಗೆ ಕ್ಲಾಕ್ ಕೊಡೋದು) ಅದೇ. ಡಿಮೆಸೆಗ್‌ದಾಗ (ಕರ್ನೆಲ್ ಲಾಗ್) ಒಂದೂ ಎರರ್ ಇಲ್ಲ, ಡ್ರೈವರ್ ಪ್ರೋಬ್ ಆಗಿ (ಚಿಪ್ಪಿಗೆ ಹತ್ತಿ ಚಾಲೂ ಆಗಿ) ಎರಡೂ ಪೋರ್ಟಿನ ಟಿಟಿವೈ ಬಂದಾವ. ಪೋರ್ಟ್ ಎ ದಿಂದ ಪೋರ್ಟ್ ಬಿ ಗೆ ವೈರ್ ಹಾಕಿ ಲೂಪ್ ಮಾಡಿದ್ರ ಡೇಟಾ ಒಂದು ಅಕ್ಷರ ತಪ್ಪಲ್ದಂಗ ಬರ್ತದ. ಮೀಟರಿಗೆ ಹಚ್ಚಿದ್ರ ಬರೇ ಟೈಮ್‌ಔಟ್. ಸೀಸನ್ ಚಾಲೂ ಆಗೂದ್ರೊಳಗ ಕೊಡ್ಬೇಕು, ಡಿಸೆಂಬರ್ ಬಂತಂದ್ರ ಮಿಲ್ಲಿನೋರು ಮೋಟಾರ್ ಬಂದ್ ಮಾಡಾಕ ಬಿಡಂಗಿಲ್ಲ. ಯಾರಿಗರ ಹಿಂಗ ಆಗಿತ್ತೇನ್ರಿ?

ಭೀಮಾತೀರ · ಯಾದಗಿರಿ

ಎ ಬಿ ವೈರ್ ಉಲ್ಟಾ ಆಗ್ಯಾವ ನೋಡ್ರಿ ಮೊದ್ಲ. ಮೀಟರ್ ಕಂಪನಿಗೊಂದು ಲೆಕ್ಕ, ಒಬ್ಬರ ಎ ಇನ್ನೊಬ್ಬರ ಬಿ ಆಗಿರ್ತದ. ಆಮ್ಯಾಲ ಲೈನಿನ ಎರಡೂ ತುದಿಗೆ 120 ಓಮ್ ಟರ್ಮಿನೇಶನ್ ರೆಸಿಸ್ಟರ್ ಅದಾವಿಲ್ಲೋ. ಮಿಲ್ಲಿನ ಒಳಗ ವಿಎಫ್‌ಡಿ (ಮೋಟಾರ್ ಸ್ಪೀಡ್ ಬದಲಿಸೋ ಡ್ರೈವ್) ಇದ್ರಂತೂ ಮುಗೀತು, ಅದರ ನಾಯ್ಸ್ ಅಂದ್ರ ಕೇಳ್ಬ್ಯಾಡ್ರಿ.

ತೊಗರಿ_ಗೇಟ್‌ವೇ · ಕಲಬುರಗಿ

ಅದೆಲ್ಲಾ ನೋಡೀನಿ ಅಣ್ಣೋರೆ. ವೈರ್ ಅದಲ್ ಬದಲ್ ಮಾಡಿ ನೋಡೀನಿ, ಟರ್ಮಿನೇಶನ್ ಅದ. ಮಿಲ್ಲಿನ್ ಮಾತ್ ಬಿಡ್ರಿ, ಮನ್ಯಾಗ ಟೇಬಲ್ ಮ್ಯಾಗ ಒಂದು ಮೊಳದ ವೈರ್‌ದಾಗ ಲ್ಯಾಪ್‌ಟಾಪಿನ ಯುಎಸ್‌ಬಿ-485 ಕನ್ವರ್ಟರಿಗೆ ಹಚ್ಚಿದ್ರೂ ಕಚಡಾ ಅಕ್ಷರ ಬರ್ಲಕತ್ತಾವ. ಅದೇ ಕನ್ವರ್ಟರ್‌ದಿಂದ ಲ್ಯಾಪ್‌ಟಾಪ್ ಮೀಟರ್ ಸರಿ ಓದ್ತದ.

ಶಹಾಪುರ_ಅಕ್ಕ · ಶಹಾಪುರ, ಯಾದಗಿರಿ ಜಿಲ್ಲಾ

ತಮ್ಮಾ, ಲೂಪ್ ಟೆಸ್ಟ್ ಪಾಸ್ ಆಗಿದ್ದಕ್ಕ ಏನೂ ಅರ್ಥ ಇಲ್ಲ ಇಲ್ಲಿ. ಪೋರ್ಟ್ ಎ ಮತ್ತ ಬಿ ಎರಡಕ್ಕೂ ಒಂದೇ ಕ್ರಿಸ್ಟಲ್, ಅದು ತಪ್ಪಿದ್ರ ಎರಡೂ ಒಂದೇ ಅಳತಿಗೆ ತಪ್ಪತಾವ, ಅವೆರಡರ ನಡುವ ಮಾತುಕತಿ ಛಲೋನೇ ನಡೀತದ. ಹೊರಗಿನೋನು ಒಬ್ಬಾವ ಬಂದಾಗ ಗೊತ್ತಾಗ್ತದ.

ಹಿಂಗ ಮಾಡು. ಪೋರ್ಟ್ ಎ ದಿಂದ ಇಂಗ್ಲಿಷ್ ದೊಡ್ಡ ಯು ಅಕ್ಷರ ಒಂದರ ಹಿಂದ ಒಂದು ನಿಲ್ಲಲ್ದಂಗ ಕಳಿಸು, ನಡುವ ನ್ಯೂಲೈನ್ ಬ್ಯಾಡ, ಪ್ಯಾರಿಟಿ ಬ್ಯಾಡ. ಯು ಅಂದ್ರ ಹೆಕ್ಸ್ 55, ಸ್ಟಾರ್ಟ್ ಬಿಟ್ ಸ್ಟಾಪ್ ಬಿಟ್ ಸೇರಿ ಸೊನ್ನಿ ಒಂದು ಸೊನ್ನಿ ಒಂದು ಅಂತ ಬಂದು ಪಿನ್ ಮ್ಯಾಗ ನೆಟ್ಟಗ ಸ್ಕ್ವೇರ್ ವೇವ್ ಆಗ್ತದ. ಸ್ಕೋಪ್ ಬೇಕಂತ ಇಲ್ಲ, ಹರ್ಟ್ಜ್ ತೋರ್ಸೋ ಮಲ್ಟಿಮೀಟರ್ ಇದ್ರ ಸಾಕು. ಚಿಪ್ಪಿನ ಟಿಎಕ್ಸ್ ಪಿನ್ ಮ್ಯಾಗ ಹಿಡಿ. 9600 ಬಾಡ್ ಇದ್ರ 4800 ಹರ್ಟ್ಜ್ ಬರ್ಬೇಕು. ಎಷ್ಟ್ ಬಂತು ಅಂತ ಇಲ್ಲಿ ಹಾಕು.

ತೊಗರಿ_ಗೇಟ್‌ವೇ · ಕಲಬುರಗಿ

ಅಕ್ಕಾ 3906 ತೋರಿಸ್ಲಕತ್ತದ. ಲಾಜಿಕ್ ಅನಲೈಸರ್ ಇತ್ತು, ಪಲ್ಸ್‌ವ್ಯೂ ಸಾಫ್ಟ್‌ವೇರ್‌ದಾಗ ನೋಡಿದ್ರ ಒಂದು ಬಿಟ್ 128 ಮೈಕ್ರೋಸೆಕೆಂಡ್ ಅದ. 104 ಇರ್ಬೇಕಿತ್ತು ಹೌದಿಲ್ಲೋ?

ಶಹಾಪುರ_ಅಕ್ಕ · ಶಹಾಪುರ

ಹೌದು, 104.17. ಲೆಕ್ಕ ಹಾಕು ಈಗ. ಡ್ರೈವರ್ 14745600 ಅಂತ ತಿಳ್ಕೊಂಡು ಅದನ್ನ 16 ರಿಂದ, ಮತ್ತ 9600 ರಿಂದ ಭಾಗ ಮಾಡಿ ಡಿವೈಸರ್ (ಭಾಜಕ) 96 ಅಂತ ರಿಜಿಸ್ಟರ್‌ದಾಗ ಬರ್ದದ. ಲೈನ್ ಮ್ಯಾಗ ಬಂದದ್ದು 7812.5 ಬಾಡ್, 128 ಮೈಕ್ರೋಸೆಕೆಂಡ್ ಅಂದ್ರ ಅದೇ. ಇದನ್ನ 96 ರಿಂದ, 16 ರಿಂದ ಗುಣಿಸು: 1,20,00,000 ಬರ್ತದ. ಮುದ್ದಾಂ 12 ಮೆಗಾಹರ್ಟ್ಜ್. ನಿನ್ನ ಸ್ಕೀಮ್ಯಾಟಿಕ್ ಏನರ ಹೇಳ್ಲಿ, ಬೋರ್ಡ್ ಮ್ಯಾಗ ಕುಂತಿದ್ದು ಬ್ಯಾರೆ ಕ್ರಿಸ್ಟಲ್. ಡಬ್ಬಿ ಮ್ಯಾಗ ಏನ್ ಬರ್ದದ ಓದು, ಫೋನ್ ಕ್ಯಾಮೆರಾ ಜೂಮ್ ಮಾಡಿ.

ತೊಗರಿ_ಗೇಟ್‌ವೇ · ಕಲಬುರಗಿ

12.000 ಅಂತ ಬರ್ದದ 😐

ಅಸೆಂಬ್ಲಿ ಮಾಡಿದೋರಿಗೆ ಫೋನ್ ಹಚ್ಚಿದ್ರ "14.7456 ಸ್ಟಾಕ್ ಇರ್ಲಿಲ್ರಿ, ಸೈಜ್ ಒಂದೇ ಇತ್ತು, ಅದಕ್ಕ ಇದು ಹಾಕೀವಿ" ಅಂತಾರ. ಸೈಜ್ ಒಂದೇ ಅಂತ!

ಬೀದರ್‌ಬಿಟ್ಸ್ · ಬೀದರ್

ಸೈಜ್ ಒಂದೇ 😂😂 ಇದು ಮಸ್ತ್ ಅದ ನೋಡ್ರಿ. ಆದ್ರ ಇದೇನ್ ಹೊಸಾದಲ್ಲ, ಅಗ್ಗದ ಎಂಸಿಪಿ2515 ಕ್ಯಾನ್ (ಗಾಡಿಯೊಳಗ ವಾಪರ್ಸೋ ಬಸ್) ಮಾಡ್ಯೂಲ್ ತಗೊಂಡೋರಿಗೆ ಕೇಳ್ರಿ. ಕೆಲವೊಂದ್ರ ಮ್ಯಾಗ 8 ಮೆಗಾಹರ್ಟ್ಜ್ ಇರ್ತದ ಕೆಲವೊಂದ್ರ ಮ್ಯಾಗ 16, ನೆಟ್‌ದಾಗಿನ ಓವರ್‌ಲೇ (ಡಿವೈಸ್ ಟ್ರೀಗೆ ಸೇರ್ಸೋ ತುಣುಕು) ಸಾಲು ಹಂಗೇ ಕಾಪಿ ಹೊಡದು ಆಸಿಲೇಟರ್ 16000000 ಅಂತ ಹಾಕ್ತಾರ, 500 ಕೇಬಿಪಿಎಸ್ ಅಂತ ಕೊಟ್ಟದ್ದು ಬಸ್ ಮ್ಯಾಗ 250 ಆಗಿ ಹೋಗ್ತದ. ಅಲ್ಲೂ ಲೂಪ್‌ಬ್ಯಾಕ್ ಪಾಸ್. ಐಪಿ ಲಿಂಕ್ ಡೀಟೇಲ್ಸ್ ಕಮಾಂಡ್ ಕೊಟ್ಟು ನೋಡಿದ್ರ ಅಲ್ಲಿ ಕ್ಲಾಕ್ ಅಂತ ಒಂದು ನಂಬರ್ ತೋರಿಸ್ತದ, ಅದು ಕ್ರಿಸ್ಟಲಿನ ಅರ್ಧ, ಯಾಕಂದ್ರ ಆ ಚಿಪ್ಪಿನ ಡ್ರೈವರ್ ಎರಡರಿಂದ ಭಾಗ ಮಾಡೇ ಇಡ್ತದ. 16 ಬರ್ದೋರಿಗೆ 8000000 ಕಾಣ್ತದ, ಡಬ್ಬಿ ಮ್ಯಾಗ 8 ಅಂತ ಇರ್ತದ, ಎರಡೂ ಎಂಟೇ ಅಂತ ಖುಷಿ ಆಗಿ ಕುಂದರ್ತಾರ, ಇದನ್ನ ನಾ ನನ್ನ ಕಣ್ಣಾರೆ ನೋಡೀನಿ.

ಡ್ರೈವರ್ ಜರಾ ಚೆಕ್ ಮಾಡ್ತದ, 1 ಮೆಗಾಹರ್ಟ್ಜ್‌ಕಿಂತ ಕಮ್ಮಿ ಇಲ್ಲಾ 25ಕಿಂತ ಜಾಸ್ತಿ ಇದ್ರ ರೇಂಜ್ ಎರರ್ ಕೊಡ್ತದ. ಅದರ ನಡುವ ನೀವು ಏನು ಸುಳ್ಳು ಹೇಳಿದ್ರೂ ನಡೀತದ.

ಭೀಮಾತೀರ · ಯಾದಗಿರಿ

ನಂಗೊಂದು ಡೌಟ್. ಫಿಕ್ಸ್ಡ್ ಕ್ಲಾಕ್ ಅಂದ್ರ ಕರ್ನೆಲ್ ಅಳತಿ ಮಾಡಂಗಿಲ್ಲೇನು? ಅಷ್ಟ್ ದೊಡ್ಡ ಕ್ಲಾಕ್ ಫ್ರೇಮ್‌ವರ್ಕ್ (ಕ್ಲಾಕ್‌ಗೋಳ ಲೆಕ್ಕ ಇಡೋ ಕರ್ನೆಲ್ ಭಾಗ) ಇಟ್ಕೊಂಡು ಒಂದು ಕ್ರಿಸ್ಟಲ್ ಎಷ್ಟ್ ಓಡ್ಲಕತ್ತದ ಅಂತ ಗೊತ್ತಾಗಲ್ಲ ಅಂದ್ರ ಹೆಂಗ?

ಶಹಾಪುರ_ಅಕ್ಕ · ಶಹಾಪುರ

ಮಾಡಂಗಿಲ್ರಿ. ಯಾವುದರ ಜೋಡಿ ಹೋಲಿಸಿ ಅಳೀಬೇಕು ಅದು? ಫಿಕ್ಸ್ಡ್ ಕ್ಲಾಕ್ ಅಂದ್ರ ಡಿಟಿಎಸ್‌ದಾಗ ಬರ್ದ ನಂಬರನ್ನ ಕೇಳ್ದೋರಿಗೆ ವಾಪಸ್ ಹೇಳೋದು, ಅಷ್ಟೇ ಕೆಲಸ. ಕ್ಲಾಕ್ ಗೆಟ್ ರೇಟ್ ಅಂತ ಡ್ರೈವರ್ ಕೇಳ್ತದ, ಫ್ರೇಮ್‌ವರ್ಕ್ ನೀವು ಬರ್ದಿದ್ದನ್ನೇ ಕೊಡ್ತದ. ಪಿಎಲ್ಎಲ್ (ಒಂದು ಕ್ಲಾಕಿಂದ ಬ್ಯಾರೆ ರೇಟ್ ಮಾಡೋ ಸರ್ಕ್ಯೂಟ್) ಇದ್ರೂ ಹಂಗೇ, ರಿಜಿಸ್ಟರ್‌ದಾಗಿನ ಗುಣಾಕಾರ ಭಾಗಾಕಾರ ಓದಿ ತಾಯಿ ಕ್ಲಾಕಿನ ನಂಬರಿಗೆ ಲೆಕ್ಕ ಹಚ್ತದ, ತಾಯಿ ತಪ್ಪಿದ್ರ ಕೆಳಗಿನ ಇಡೀ ಗಿಡ ತಪ್ತದ. ಕ್ಲಾಕ್ ಸಮ್ಮರಿ ಫೈಲ್ ಅದಲಾ, ಡೀಬಗ್‌ಎಫ್‌ಎಸ್ (ಕರ್ನೆಲ್ ಒಳಗಿನ ಸ್ಥಿತಿ ತೋರ್ಸೋ ಫೋಲ್ಡರ್) ಒಳಗ, ಅದನ್ನ ನೋಡಿ "ರೇಟ್ ಸರಿ ಅದ" ಅಂತ ಭಾಳ ಮಂದಿ ಹೇಳ್ತಾರ. ಅದು ಕರ್ನೆಲ್ ಏನ್ ತಿಳ್ಕೊಂಡದ ಅನ್ನೋದರ ಪಟ್ಟಿ, ಪಿನ್ ಮ್ಯಾಗ ಏನದ ಅನ್ನೋದರದ್ದಲ್ಲ. ಕೆಲವು ಎಸ್‌ಒಸಿ (ಪ್ರೊಸೆಸರ್ ಚಿಪ್) ಒಳಗ ಕ್ಲಾಕನ್ನ ಒಂದು ಪಿನ್ನಿಗೆ ಹೊರಗ ತರೋ ಸೌಕರ್ಯ ಇರ್ತದ, ಇದ್ರ ಆ ಪಿನ್ನಿಗೆ ಒಂದು ಟೆಸ್ಟ್ ಪಾಯಿಂಟ್ ಬಿಟ್ಕೊಳ್ರಿ ಬೋರ್ಡ್ ಮಾಡೋವಾಗ.

ಆದ್ರೂ ಆ ಫೈಲ್ ಬ್ಯಾಡ ಅಂತಿಲ್ಲ ನಾ, ಯಾವ ಕ್ಲಾಕ್ ಯಾರ ಕೆಳಗ ಅದ, ಎನೇಬಲ್ ಕೌಂಟ್ (ಎಷ್ಟ್ ಮಂದಿ ಆನ್ ಮಾಡ್ಕೊಂಡಾರ) ಎಷ್ಟ್ ಅದ, ಇದಕ್ಕ ಅದಕ್ಕಿಂತ ಛಲೋ ಜಾಗ ಇಲ್ಲ.

ತೊಗರಿ_ಗೇಟ್‌ವೇ · ಕಲಬುರಗಿ

12000000 ಮಾಡಿ ಬೂಟ್ ಮಾಡ್ದೆ. ಮೀಟರ್ ಮಾತಾಡ್ತು!! ವೋಲ್ಟೇಜ್, ಆಂಪ್ಸ್, ಯೂನಿಟ್ ಎಲ್ಲಾ ಬಂತು.

ಆದ್ರ ಈಗ ಪೋರ್ಟ್ ಬಿ ಮ್ಯಾಗ ಮೋಡೆಮ್ 115200ಕ್ಕ ಎಟಿ ಅಂದ್ರ ಓಕೆ ಅನ್ವಲ್ದು. ಕಚಡಾ ಬರ್ತದ. ಡಿಟಿಎಸ್ ಈಗ ಸರಿ ಅದಲಾ?

ಬೀದರ್‌ಬಿಟ್ಸ್ · ಬೀದರ್

ಡಿಟಿಎಸ್ ಸರಿ ಅದ, ಕ್ರಿಸ್ಟಲ್ ಸರಿ ಇಲ್ಲ. 12 ಮೆಗಾಹರ್ಟ್ಜ್ ಭಾಗಿಸು 16 ಭಾಗಿಸು 115200, 6.51 ಬರ್ತದ. ಡಿವೈಸರ್ ಪೂರ್ಣಾಂಕ ಇರ್ಬೇಕು, 6 ಹಾಕಿದ್ರ 125000, 7 ಹಾಕಿದ್ರ 107143. ಒಂದು ಎಂಟೂವರೆ ಪರ್ಸೆಂಟ್ ಮ್ಯಾಲ, ಒಂದು ಏಳು ಪರ್ಸೆಂಟ್ ಕೆಳಗ. ಯುಆರ್ಟ್ ಎರಡೂ ಕಡಿ ಸೇರಿ ನಾಕೈದು ಪರ್ಸೆಂಟ್‌ಗೇ ಕೈ ಎತ್ತಿ ಬಿಡ್ತದ. 14.7456 ಅನ್ನೋ ವಿಚಿತ್ರ ನಂಬರ್ ಯಾಕ ಮಾಡ್ತಾರಂದ್ರ ಇದಕ್ಕೇ, 115200ಕ್ಕ ನೆಟ್ಟಗ 8 ಬರ್ತದ.

9600ಕ್ಕ 12 ಮೆಗಾಹರ್ಟ್ಜ್ ನಡೀತದ, 78 ಹಾಕಿದ್ರ 9615, ಅದು 0.16 ಪರ್ಸೆಂಟ್, ಏನೂ ಅಲ್ಲ. ನಿಂದು ಬಚಾವ್ ಏನಂದ್ರ 57600ಕ್ಕೂ 13.02 ಬರ್ತದ, ಅದೂ 0.16 ಪರ್ಸೆಂಟೇ. 38400 ಹಾಕ್ಬ್ಯಾಡ, ಅದು ಎರಡು ಪರ್ಸೆಂಟ್‌ಕಿಂತ ಜಾಸ್ತಿ ತಪ್ತದ. ಮೋಡೆಮಿಗೆ ಎಟಿ ಕಮಾಂಡ್‌ದಿಂದ 57600 ಸೆಟ್ ಮಾಡಿ ಸೇವ್ ಮಾಡು, ಲ್ಯಾಪ್‌ಟಾಪಿಂದ. ಮೀಟರ್ ಡೇಟಾ ಕಳ್ಸೋಕ 57600 ಅಂದ್ರ ಬೇಕಾದಷ್ಟಾಯ್ತು.

ಫೈನಲ್‌ಇಯರ್‌_ಹುಡುಗ · ಕಲಬುರಗಿ

ಎಲ್ಲರಿಗೂ ನಮಸ್ಕಾರ, ನಡುವ ಬಾಯಿ ಹಾಕಿದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ. ನಾ ಕಾಲೇಜ್ ಪ್ರಾಜೆಕ್ಟಿಗೆ ಒಂದು ಸಣ್ಣ ಪ್ಲಾಟ್‌ಫಾರ್ಮ್ ಡ್ರೈವರ್ ಬರೀಲಕತ್ತೀನಿ. ಇಂಟರಪ್ಟ್ ಬಂದಾಗ ಮಾತ್ರ ಕ್ಲಾಕ್ ಆನ್ ಮಾಡಿದ್ರ ಕರೆಂಟ್ ಉಳೀತದ ಅಂತ ಹ್ಯಾಂಡ್ಲರ್ ಒಳಗ ಕ್ಲಾಕ್ ಪ್ರಿಪೇರ್ ಎನೇಬಲ್ ಕರ್ದೆ, ಸ್ಲೀಪಿಂಗ್ ಫಂಕ್ಷನ್ ಕಾಲ್ಡ್ ಫ್ರಮ್ ಇನ್‌ವ್ಯಾಲಿಡ್ ಕಾಂಟೆಕ್ಸ್ಟ್ ಅಂತ ಉದ್ದಕ ಟ್ರೇಸ್ ಚೆಲ್ತದ. ಗೈಡ್ ಸರ್ ಕೇಳಿದ್ರ ಡಿಲೇ ಹಾಕು ಅಂತಾರ.

ಶಹಾಪುರ_ಅಕ್ಕ · ಶಹಾಪುರ

ಡಿಲೇ ಹಾಕ್ಬ್ಯಾಡ ಅಪ್ಪಾ, ಹೆಚ್ಚಿಗಿ ಕೆಡ್ತದ.

ಅದು ಎರಡು ಕೆಲಸ. ಪ್ರಿಪೇರ್ ಅನ್ನೋದು ನಿಧಾನದ ಕೆಲಸ, ಪಿಎಲ್ಎಲ್ ಲಾಕ್ ಆಗೋತನ ಕಾಯ್ಬೇಕಾಗ್ತದ, ಮ್ಯೂಟೆಕ್ಸ್ (ಬೀಗ) ಹಿಡೀತದ, ಮಲಗಬಹುದು (ಕಾಯ್ತಾ ನಿಲ್ಲಬಹುದು), ಇಂಟರಪ್ಟ್ ಒಳಗ ಅದು ನಡ್ಯಂಗಿಲ್ಲ. ಎನೇಬಲ್ ಅನ್ನೋದು ಸ್ಪಿನ್‌ಲಾಕ್ (ಮಲಗಲ್ದ ಬೀಗ) ಒಳಗ ನಡಿಯೋದು, ಒಂದು ಗೇಟ್ ಬಿಟ್ ಬರ್ದು ಹೊಂಟೋಗ್ತದ, ಇಂಟರಪ್ಟ್ ಒಳಗೂ ಕರೀಬಹುದು. ಬೋರ್ ಚಾಲೂ ಮಾಡಿ ಟಾಕಿ ತುಂಬ್ಸೋದು ಪ್ರಿಪೇರ್, ನಳ ತಿರುವೋದು ಎನೇಬಲ್. ನೀ ಕರ್ದಿದ್ದು ಎರಡನ್ನೂ ಸೇರ್ಸಿ ಮಾಡಿದ ಫಂಕ್ಷನ್, ಅದಕ್ಕ ಬಯ್ಲಕತ್ತದ. ಪ್ರೋಬ್‌ದಾಗ ಪ್ರಿಪೇರ್ ಮಾಡಿಟ್ಕೋ, ಹ್ಯಾಂಡ್ಲರ್‌ದಾಗ ಬರೇ ಎನೇಬಲ್ ಡಿಸೇಬಲ್ ಕರೀ.

ಆದ್ರ ಒಂದು ಮಾತು. ಕ್ಲಾಕ್ ಕೊಡೋ ಚಿಪ್ ಐ2ಸಿ ಮ್ಯಾಗ ಇದ್ರ, ಎಸ್‌ಐ5351 ಅಂಥಾದ್ದು, ಅದನ್ನ ಆನ್ ಮಾಡಾಕ ಐ2ಸಿ ಮಾತಾಡ್ಬೇಕು, ಐ2ಸಿ ಅಂದ್ರ ಮಲಗ್ತದ. ಅದಕ್ಕ ಅಂಥಾ ಡ್ರೈವರ್‌ಗೋಳು ಆನ್ ಆಫ್ ಕೆಲಸ ಎಲ್ಲಾ ಪ್ರಿಪೇರ್ ಅನ್‌ಪ್ರಿಪೇರ್ ಒಳಗೇ ಇಟ್ಟಿರ್ತಾವ. ಆವಾಗ ನೀ ಹ್ಯಾಂಡ್ಲರ್‌ದಾಗ ಡಿಸೇಬಲ್ ಅಂದ್ರ ಎರರ್ ಬರಂಗಿಲ್ಲ, ಕ್ಲಾಕ್ ಮಾತ್ರ ಓಡ್ತಾನೇ ಇರ್ತದ. ಕರೆಂಟ್ ಉಳಿಸ್ಬೇಕಂದ್ರ ರನ್‌ಟೈಮ್ ಪಿಎಂ (ಕೆಲಸ ಇಲ್ದಾಗ ಡಿವೈಸ್ ಬಂದ್ ಇಡೋ ವ್ಯವಸ್ಥಾ) ಕಲಿ, ಸಸ್ಪೆಂಡ್ ಕಾಲ್‌ಬ್ಯಾಕ್‌ದಾಗ ಎರಡೂ ಬಂದ್ ಮಾಡು, ರೆಸ್ಯೂಮ್‌ದಾಗ ಎರಡೂ ಚಾಲೂ ಮಾಡು.

ಇನ್ನ ಪ್ರೋಬ್‌ದಿಂದ ಕಡೀತನ ಆನ್ ಇರೋದಿದ್ರ ಡೆವ್‌ಎಂ ಕ್ಲಾಕ್ ಗೆಟ್ ಎನೇಬಲ್ಡ್ ಅಂತ 2022ರಾಗ ಬಂದದ, ತಗೊಳ್ಳೋದು, ಪ್ರಿಪೇರ್, ಎನೇಬಲ್, ಡ್ರೈವರ್ ತಗದಾಗ ಉಲ್ಟಾ ಮಾಡೋದು ಎಲ್ಲಾ ಒಂದೇ ಸಾಲು. ಎರರ್ ದಾರಿಯೊಳಗ ಡಿಸೇಬಲ್ ಮಾಡೋದು ಮರ್ತು ಹೋಗೋ ರೋಗ ಇದರಿಂದ ಅರ್ಧ ಹೋಗ್ಯದ.

ಫೈನಲ್‌ಇಯರ್‌_ಹುಡುಗ · ಕಲಬುರಗಿ

ಥ್ಯಾಂಕ್ಸ್ ಅಕ್ಕಾ. ಇನ್ನೊಂದು, ಒಮ್ಮೊಮ್ಮಿ ಕ್ಲಾಕ್ ಗೆಟ್ ಮೈನಸ್ 517 ಕೊಡ್ತದ, ಮತ್ತ ಜರಾ ಹೊತ್ತಿಗೆ ತಾನೇ ಸರಿ ಆಗ್ತದ. ನಾ ಎರರ್ ಪ್ರಿಂಟ್ ಮಾಡಿ ಮೈನಸ್ ಇಐಎನ್‌ವಿಎಎಲ್ (ಇನ್‌ವ್ಯಾಲಿಡ್ ಅನ್ನೋ ಎರರ್ ಕೋಡ್) ರಿಟರ್ನ್ ಮಾಡಿದ್ಮ್ಯಾಲ ಸರಿ ಆಗೋದೂ ನಿಂತು ಹೋತು.

ಬೀದರ್‌ಬಿಟ್ಸ್ · ಬೀದರ್

ಅದು ಪ್ರೋಬ್ ಡಿಫರ್. ಕ್ಲಾಕ್ ಕೊಡೋ ಡ್ರೈವರ್ ಇನ್ನೂ ಬಂದಿಲ್ಲ, ಆಮ್ಯಾಲ ಬಾ ಅಂತ ಹೇಳ್ಲತ್ತದ. ಬಂದ ಎರರ್ ಕೋಡ್ ಹಂಗೇ ಮ್ಯಾಲ ಕಳ್ಸು, ನಿಂದು ಬದ್ಲಿ ಕೋಡ್ ಹಾಕಿದ್ರ ಕರ್ನೆಲ್ ಮತ್ತ ನಿನ್ನ ಕರ್ಯಂಗಿಲ್ಲ. ಪ್ರಿಂಟಿಗೆ ಡೆವ್ ಎರ್ ಪ್ರೋಬ್ ವಾಪರ್ಸು, ಡಿಫರ್ ಇದ್ರ ಗದ್ದಲ ಮಾಡಂಗಿಲ್ಲ. ಎಂದೂ ಬರ್ಲೇ ಇಲ್ಲಂದ್ರ ಡೀಬಗ್‌ಎಫ್‌ಎಸ್‌ದಾಗ ಡಿವೈಸಸ್ ಡಿಫರ್ಡ್ ಅಂತ ಫೈಲ್ ಅದ, ಯಾರ್ ಯಾರ್ ಬಾಗಿಲದಾಗ ನಿಂತಾರ ಅಂತ ಅಲ್ಲಿ ಕಾಣ್ತದ.

ತೊಗರಿ_ಗೇಟ್‌ವೇ · ಕಲಬುರಗಿ

57600ಕ್ಕ ಮೋಡೆಮ್ ಓಕೆ ಅಂತು. ಆದ್ರ ನನ್ನ ಗಿರಾ ಇನ್ನೂ ಮುಗ್ದಿಲ್ಲ. ಅದೇ ಬೋರ್ಡ್ ಮ್ಯಾಗ ಎಸ್‌ಡಿಐಒ (ಎಸ್‌ಡಿ ಕಾರ್ಡ್ ನಮೂನಿ ಬಸ್) ವೈಫೈ ಅದ. ಬೂಟ್ ಆಗೋವಾಗ ಚಿಪ್ ಸಿಗ್ತದ, ಫರ್ಮ್‌ವೇರ್ ಲೋಡ್ ಆಗ್ತದ, ಲಾಗಿನ್ ಬರೋ ಹೊತ್ತಿಗೆ ಸತ್ತು ಹೋಗಿರ್ತದ. ಒಂದು ಕಡಿ ಓದಿ ಬೂಟ್ ಆರ್ಗ್ಯುಮೆಂಟ್‌ದಾಗ ಕ್ಲಾಕ್ ಇಗ್ನೋರ್ ಅನ್‌ಯೂಸ್ಡ್ ಹಾಕ್ದೆ, ಏಕದಮ್ ಸರಿ ಆತು. ಹಂಗೇ ಬಿಟ್ಬಿಡ್ಲ್ಯಾ?

ಶಹಾಪುರ_ಅಕ್ಕ · ಶಹಾಪುರ

ಬಿಡಬ್ಯಾಡ. ರೋಗ ಎಲ್ಲದ ಅಂತ ಅದು ತೋರಿಸ್ತು, ಅಷ್ಟಕ್ಕೇ ಅದರ ಕೆಲಸ ಮುಗೀತು. ಬೂಟಿನ ಕಡೀಗೆ ಕರ್ನೆಲ್ ಒಂದು ಸುತ್ತು ಹಾಕ್ತದ, ಎನೇಬಲ್ ಕೌಂಟ್ ಸೊನ್ನಿ ಇದ್ದು ಹಾರ್ಡ್‌ವೇರ್‌ದಾಗ ಮಾತ್ರ ಓಡ್ಲಕತ್ತ ಕ್ಲಾಕ್ ಎಲ್ಲಾ ಬಂದ್ ಮಾಡ್ತದ. ನಿನ್ನ ವೈಫೈಗೆ ಬೇಕಾದ ಕ್ಲಾಕ್ ಯಾರದೂ ಲೆಕ್ಕದಾಗ ಇಲ್ಲ, ಅದೂ ಹೋತು. ವೈಫೈ ಮಾಡ್ಯೂಲಿಗೆ 32.768 ಕಿಲೋಹರ್ಟ್ಜ್ ಸ್ಲೋ ಕ್ಲಾಕ್ ಎಲ್ಲಿಂದ ಕೊಟ್ಟೀ?

ತೊಗರಿ_ಗೇಟ್‌ವೇ · ಕಲಬುರಗಿ

ಆರ್‌ಟಿಸಿ (ಗಡಿಯಾರ) ಚಿಪ್ಪಿಂದ ಅಕ್ಕಾ, ಪಿಸಿಎಫ್85063, ಅದರ ಕ್ಲಾಕ್‌ಔಟ್ ಪಿನ್.

ಶಹಾಪುರ_ಅಕ್ಕ · ಶಹಾಪುರ

ಅಲ್ಲೇ ಅದ ನೋಡು. ಆ ಚಿಪ್ ಕರೆಂಟ್ ಬಂದ ಕೂಡ್ಲೆ ತಾನಾಗೇ 32.768 ಹೊರಗ ಬಿಡ್ತದ, ಅದಕ್ಕ ಬೂಟ್‌ದಾಗ ವೈಫೈ ಸಿಕ್ತು. ಲಿನಕ್ಸಿನ ಆರ್‌ಟಿಸಿ ಡ್ರೈವರ್ ಆ ಪಿನ್ನನ್ನ ಒಂದು ಕ್ಲಾಕ್ ಅಂತ ಫ್ರೇಮ್‌ವರ್ಕ್‌ದಾಗ ರಿಜಿಸ್ಟರ್ ಮಾಡ್ತದ. ತಗೊಳ್ಳೋರು ಯಾರೂ ಇಲ್ಲ, ಬಂದ್.

ಆರ್‌ಟಿಸಿ ನೋಡ್‌ದಾಗ #ಕ್ಲಾಕ್-ಸೆಲ್ಸ್ ಸೊನ್ನಿ ಹಾಕು, ಇಲ್ಲಾಂದ್ರ ಬ್ಯಾರೆ ನೋಡ್ ಅದನ್ನ ತೋರ್ಸಾಕ ಬರಂಗಿಲ್ಲ. ಆಮ್ಯಾಲ ಎಂಎಂಸಿ ಪವರ್ ಸೀಕ್ವೆನ್ಸ್ ಸಿಂಪಲ್ (ವೈಫೈ ಚಿಪ್ ಆನ್ ಮಾಡೋ ಕ್ರಮ) ನೋಡ್‌ದಾಗ ಕ್ಲಾಕ್ಸ್‌ಗೆ ಆರ್‌ಟಿಸಿ ತೋರ್ಸು, ಕ್ಲಾಕ್-ನೇಮ್ಸ್ ಎಕ್ಸ್ಟ್_ಕ್ಲಾಕ್. ವೈಫೈ ಇರೋ ಎಂಎಂಸಿ ಹೋಸ್ಟಿಗೆ ಆ ಪವರ್ ಸೀಕ್ವೆನ್ಸ್ ಕೊಡು. ಈಗ ಕ್ಲಾಕಿಗೆ ಒಬ್ಬಾವ ವಾರಸುದಾರ ಬಂದ, ಕೌಂಟ್ 1 ಆಗ್ತದ, ಯಾರೂ ಮುಟ್ಟಂಗಿಲ್ಲ.

ಕ್ಲಾಕ್-ನೇಮ್ಸ್ ವಿಷ್ಯ ಬಂತಲಾ ಅದಕ್ಕ ಹೇಳ್ತೀನಿ, ಅಲ್ಲಿ ಬರಿಬೇಕಾದ್ದು ತಗೊಳ್ಳೋ ಡಿವೈಸಿನ ಕಡಿಂದ ಆ ಪಿನ್ನಿಗೆ ಏನಂತಾರ ಅದು. ಕೊಡೋ ಕಡಿ ಪಿಎಲ್ಎಲ್2 ಡಿವ್4 ಅಂತ ಹೆಸ್ರಿದ್ರ ಅದನ್ನ ತಂದು ಇಲ್ಲಿ ಬರೀಬಾರ್ದು. ಉದಾಹರಣಿಗೆ ಡಿಸೈನ್‌ವೇರ್ ಯುಆರ್ಟ್ ತಗೋ, ಯಾರ್ ಕಂಪನಿ ಎಸ್‌ಒಸಿ ಆಗ್ಲಿ, ಅದರ ಹೆಸ್ರು ಬಾಡ್‌ಕ್ಲಾಕ್ ಮತ್ತ ಎಪಿಬಿ_ಪಿಕ್ಲಾಕ್, ಅಷ್ಟೇ. ಮೇನ್‌ಲೈನಿಗೆ (ಮೂಲ ಲಿನಕ್ಸ್ ಕರ್ನೆಲಿಗೆ) ಪ್ಯಾಚ್ ಕಳ್ಸಿದ್ರ ಮೊದ್ಲ ಇದರ ಮ್ಯಾಗೇ ಬೈಸ್ಕೋತಾರ ಹುಡುಗ್ರು. ಡಿಟಿಬಿಎಸ್ ಚೆಕ್ (ಡಿಟಿಎಸ್‌ದಾಗಿನ ತಪ್ಪು ಹುಡುಕೋದು) ಓಡ್ಸಿ ಕಳ್ಸಿದ್ರ ಅರ್ಧ ಬೈಗಳ ಉಳೀತಾವ.

ಭೀಮಾತೀರ · ಯಾದಗಿರಿ

ಇಷ್ಟೆಲ್ಲಾ ಯಾಕ ಅಂತೀನಿ. ಕ್ಲಾಕ್ ಡ್ರೈವರ್‌ದಾಗ ಕ್ರಿಟಿಕಲ್ ಫ್ಲ್ಯಾಗ್ ಒಂದು ಹಾಕಿಬಿಟ್ರ ಎಂದೂ ಬಂದ್ ಆಗಂಗಿಲ್ಲ.

ಬೀದರ್‌ಬಿಟ್ಸ್ · ಬೀದರ್

ಹಾಕಬಹುದು ಕಾಕಾ, ಆದ್ರ ಆ ಆರ್‌ಟಿಸಿ ಡ್ರೈವರ್ ಎಷ್ಟ್ ಬೋರ್ಡಿನೋರು ವಾಪರಸ್ತಾರ? ಬಟನ್ ಸೆಲ್ ಮ್ಯಾಗ ಓಡೋ ಬೋರ್ಡಿನೋರೂ ಇರ್ತಾರ, ನಿಮ್ಮ ವೈಫೈ ಸಲುವಾಗಿ ಅವರ ಪಿನ್ನೂ ಕಾಯಂ ಓಡ್ಬೇಕೇನು? ಕ್ರಿಟಿಕಲ್ ಅಂದ್ರ ಡಿಡಿಆರ್ (ಮೆಮೊರಿ) ಕ್ಲಾಕ್ ಅಂಥಾದ್ದು, ಬಂದ್ ಮಾಡಿದ್ರ ಬೋರ್ಡೇ ಸಾಯ್ತದ, ಅಂಥಾದ್ದಕ್ಕ.

ಹಳೇ ಕಾಲದ ಮಂದಿಗೆ ಇದು ನೆನಪಿರ್ತದ, 2012ರಾಗ 3.4 ಕರ್ನೆಲಿಗೆ ಕಾಮನ್ ಕ್ಲಾಕ್ ಫ್ರೇಮ್‌ವರ್ಕ್ ಬರೋಕಿಂತ ಮೊದ್ಲ ಆರ್ಮ್ ಒಳಗ ಒಂದೊಂದು ಎಸ್‌ಒಸಿಗೆ ಒಂದೊಂದು ಸ್ಟ್ರಕ್ಟ್ ಕ್ಲಾಕ್ ಇತ್ತು, ಹೆಸ್ರು ಒಂದೇ, ಒಳಗ ಎಲ್ಲಾ ಬ್ಯಾರೆ ಬ್ಯಾರೆ. ಬೋರ್ಡ್ ಫೈಲ್‌ದಾಗ ಸಿ ಕೋಡ್ ಬರ್ದು ಕ್ಲಾಕ್ ಆನ್ ಮಾಡಿ ಕುಂದರ್ತಿದ್ರು. ಆ ಚಾಳಿ ಇನ್ನೂ ಕೆಲವ್ರಿಗೆ ಹೋಗಿಲ್ಲ.

ನಂದೊಂದು ಮಾತು ಅಕ್ಕೋರೆ, ನೀವು ಒಪ್ಪಂಗಿಲ್ಲ ಗೊತ್ತದ. ಅಸೈನ್ಡ್-ಕ್ಲಾಕ್-ರೇಟ್ಸ್ ಅಂತ ಡಿಟಿಎಸ್‌ದಾಗ ಹಾಕ್ತಾರಲ, ಅದು ನಂಗ ಸೇರಲ್ಲ. ಡಿವೈಸ್ ಟ್ರೀ ಅಂದ್ರ ಹಾರ್ಡ್‌ವೇರ್ ಹೆಂಗದ ಅಂತ ಹೇಳೋದು, ಇದನ್ನ ಇಷ್ಟಕ್ಕ ಓಡ್ಸು ಅಂತ ಹುಕುಂ ಕೊಡೋದಲ್ಲ.

ಶಹಾಪುರ_ಅಕ್ಕ · ಶಹಾಪುರ

ಒಪ್ಪಂಗಿಲ್ಲ 😄 ಬೋರ್ಡ್ ಮ್ಯಾಗ ಯಾವ ಕೋಡೆಕ್ (ಆಡಿಯೋ ಚಿಪ್) ಕುಂತದ, ಅದಕ್ಕ ಎಷ್ಟ್ ಕ್ಲಾಕ್ ಬೇಕು ಅನ್ನೋದು ಬೋರ್ಡಿನ ಗುಣಾನೇ ಅಲ್ಲೇನು? ಅದು ಡ್ರೈವರ್‌ದಾಗ ಬರೆಯಾಕ ಬರಂಗಿಲ್ಲ, ಡ್ರೈವರ್ ಎಲ್ಲಾ ಬೋರ್ಡಿಗೂ ಒಂದೇ. ಬೂಟ್‌ಲೋಡರ್‌ದಾಗ ಸೆಟ್ ಮಾಡಿ ಬಿಟ್ರ ಇನ್ನೊಬ್ಬಾವ ಯು-ಬೂಟ್ ಹೊಸಾದ್ ಹಾಕ್ತಾನ, ಪಿಎಲ್ಎಲ್ ಬ್ಯಾರೆ ಆಗಿರ್ತದ, ಲಿನಕ್ಸ್ ಮ್ಯಾಗ ಬೈಗುಳ. ಅಸೈನ್ಡ್ ಕ್ಲಾಕ್ಸ್ ಪ್ರೋಬ್‌ಕಿಂತ ಮೊದ್ಲೇ ಹತ್ತತಾವ, ಡ್ರೈವರ್ ಕಣ್ಣು ಬಿಡೋ ಹೊತ್ತಿಗೆ ತಾಯಿ ಕ್ಲಾಕ್ ಯಾವುದು ರೇಟ್ ಎಷ್ಟು ಎಲ್ಲಾ ಸೆಟ್ ಆಗಿರ್ತದ.

ರನ್‌ಟೈಮ್‌ದಾಗ ಬದಲಾಗೋ ರೇಟ್ ಅಲ್ಲಿ ಬರ್ದ್ರ ಮಾತ್ರ ತಪ್ಪು, ಅದನ್ನ ನಾನೂ ಒಪ್ತೀನಿ.

ಬೀದರ್‌ಬಿಟ್ಸ್ · ಬೀದರ್

ಕೋಡೆಕ್ ಅಂದ್ರಿ, ನಂದೇ ಗಾಯ ಮುಟ್ಟಿದ್ರಿ. ಇಲ್ಲಿ ಒಬ್ಬರಿಗೆ ತತ್ವಪದ ರೆಕಾರ್ಡಿಂಗ್ ಪ್ಲೇ ಮಾಡೋ ಡಬ್ಬಿ ಮಾಡ್ಕೊಟ್ಟಿದ್ದೆ, ಐ2ಎಸ್ ಕೋಡೆಕ್ ಹಾಕಿ. ಚಲಾಯಿಸಿದ್ರ ಹಾಡೋರ ದನಿ ಸಣ್ಣಗ ಕೇಳ್ತದ, ಏಕತಾರಿನೂ ಮ್ಯಾಲ ಏರ್ಯದ. ಪದಾ ಹಾಡೋ ಮುತ್ಯಾ ಒಬ್ಬರು ಕೂತು ಕೇಳಿ ಹಾರ್ಮೋನಿಯಂ ಹಚ್ಚಿ "ಇದು ನಮ್ಮ ಸುರಕ್ಕ ಇಲ್ಲ ತಮ್ಮಾ, ಒಂದೂವರೆ ಮನಿ ಮ್ಯಾಲದ" ಅಂದ್ರು. ಲೆಕ್ಕ ಹಾಕಿದ್ರ ಖರೇನೇ. ರೆಕಾರ್ಡಿಂಗ್ 44.1 ಕಿಲೋಹರ್ಟ್ಜ್, ಅದಕ್ಕ 256 ಪಟ್ಟು ಅಂದ್ರ 11.2896 ಮೆಗಾಹರ್ಟ್ಜ್ ಬೇಕು, ಬೋರ್ಡ್ ಮ್ಯಾಗ ಇದ್ದದ್ದು 12.288, ಅದು 48 ಕಿಲೋಹರ್ಟ್ಜ್ ಮನೆತನದ್ದು. 8.8 ಪರ್ಸೆಂಟ್ ಜೋರ್ ಓಡ್ತದ, ಶ್ರುತಿ ಒಂದೂವರೆ ಮನಿ ಏರ್ತದ. ಫ್ರೀಕ್ವೆನ್ಸಿ ಕೌಂಟರ್ ಬ್ಯಾಡ, ಮುತ್ಯಾನ ಕಿವಿ ಸಾಕಾತು.

ಡ್ರೈವರ್ ಏನಂದಿತ್ತಂದ್ರ, ಕ್ಲಾಕ್ ಸೆಟ್ ರೇಟ್ 11289600 ಅಂದದ, ಸೊನ್ನಿ ವಾಪಸ್ ಬಂದದ, ಅಂದ್ರ ಸಕ್ಸೆಸ್. ಸಕ್ಸೆಸ್ ಅಂದ್ರ ಕೇಳಿದಷ್ಟೇ ಸಿಕ್ತು ಅಂತಲ್ಲ, ಆಗೋವಷ್ಟು ಹತ್ರದ್ದು ಸಿಕ್ತು ಅಂತ. ಸೆಟ್ ಮಾಡಿದ್ಮ್ಯಾಲ ಗೆಟ್ ರೇಟ್ ಕರ್ದು ನೋಡ್ಬೇಕು, ಇಲ್ಲಾ ಮೊದ್ಲೇ ರೌಂಡ್ ರೇಟ್ ಕೇಳ್ಬೇಕು.

ಫೈನಲ್‌ಇಯರ್‌_ಹುಡುಗ · ಕಲಬುರಗಿ

ಒಂದೇ ತಾಯಿ ಕ್ಲಾಕ್ ಇಬ್ಬರು ವಾಪರ್ಸ್ಲಕತ್ತಿದ್ರ? ಒಬ್ಬರು ರೇಟ್ ಬದಲಿಸಿದ್ರ ಇನ್ನೊಬ್ಬರ ಗತಿ?

ಶಹಾಪುರ_ಅಕ್ಕ · ಶಹಾಪುರ

ಇನ್ನೊಬ್ಬರ ಗತಿ ಗೋವಿಂದ. ಡಿಸ್ಪ್ಲೇ ಚಾಲೂ ಮಾಡಿದಾಗ ಸೀರಿಯಲ್ ಕನ್ಸೋಲ್ ಕಚಡಾ ಆಗೋದು ಇದೇ ಕೇಸ್. ಸೆಟ್ ರೇಟ್ ಪೇರೆಂಟ್ ಅನ್ನೋ ಫ್ಲ್ಯಾಗ್ ಇದ್ದ ಕ್ಲಾಕಿಗೆ ರೇಟ್ ಕೇಳಿದ್ರ ಅದು ಮ್ಯಾಲ ಹೋಗಿ ತಾಯಿನೇ ಅಲಗಾಡಿಸ್ತದ. ತಡಿಬೇಕಂದ್ರ ನಿನ್ನ ಡ್ರೈವರ್‌ದಾಗ ರೇಟ್ ಎಕ್ಸ್‌ಕ್ಲೂಸಿವ್ ಗೆಟ್ ಹಿಡ್ಕೋ, ಬಿಡೋತನ ಬ್ಯಾರೆಯೋರು ರೇಟ್ ಬದಲಿಸಾಕ ಬರಂಗಿಲ್ಲ. ಇಲ್ಲಾ ನೋಟಿಫೈಯರ್ ಹಚ್ಚು, ಬದಲಾಗೋಕ ಮೊದ್ಲ ಒಮ್ಮಿ, ಆದ ಮ್ಯಾಲ ಒಮ್ಮಿ ಹೇಳ್ತದ, ನೀ ಡಿವೈಸರ್ ಸರಿ ಮಾಡ್ಕೋ.

ತೊಗರಿ_ಗೇಟ್‌ವೇ · ಕಲಬುರಗಿ

ವೈಫೈ ಬಂತು, ಬೂಟ್ ಆರ್ಗ್ಯುಮೆಂಟ್ ತಗದ್ ಹಾಕೀನಿ. ಕ್ಲಾಕ್ ಸಮ್ಮರಿದಾಗ ಆರ್‌ಟಿಸಿ ಕ್ಲಾಕ್‌ಔಟ್ ಕೌಂಟ್ 1 ಅದ. ಬ್ಯಾರೆಯೋರಿಗೆ ಬೇಕಾದ್ರ ಕ್ರಿಸ್ಟಲ್ ನೋಡ್ ಇಲ್ಲಿ ಹಾಕ್ತೀನಿ, ಫೋನಿಂದ ಕನ್ನಡದಾಗೇ ಬರೀಲಕತ್ತೀನಿ, ನೀವು ಇಂಗ್ಲಿಷ್‌ದಾಗ ಹೊಡ್ಕೊಳ್ರಿ:

ಯುಆರ್ಟ್_ಆಸ್ಕ್: ಯುಆರ್ಟ್-ಆಸ್ಕ್ {
  ಕಂಪ್ಯಾಟಿಬಲ್ = "ಫಿಕ್ಸ್ಡ್-ಕ್ಲಾಕ್";
  #ಕ್ಲಾಕ್-ಸೆಲ್ಸ್ = <0>;
  ಕ್ಲಾಕ್-ಫ್ರೀಕ್ವೆನ್ಸಿ = <12000000>;
};

ಚಿಪ್ಪಿನ ನೋಡ್‌ದಾಗ ಕ್ಲಾಕ್ಸ್ = <&ಯುಆರ್ಟ್_ಆಸ್ಕ್>;

ಅದೇ ಆರ್‌ಟಿಸಿ ಬಗ್ಗೆ ಒಂದು. ಮೊದ್ಲಿನ ಸ್ಯಾಂಪಲ್ ಬೋರ್ಡ್ ಮಿಲ್ಲಿನ ಪತ್ರಾ ಶೆಡ್ಡಿನಾಗ ಬ್ಯಾಸಗ್ಯಾಗ ಇಟ್ಟಿದ್ವಿ, ನೆಟ್ ಇರ್ಲಿಲ್ಲ, ಟೈಮ್ ಹಿಂದ ಬೀಳ್ತಾ ಹೋತು. ಅದಕ್ಕೂ ಡಿಟಿಎಸ್‌ದಾಗ ಏನರ ಅದಯೇನು?

ಬೀದರ್‌ಬಿಟ್ಸ್ · ಬೀದರ್

ಅರ್ಧ ಅದ. ಕ್ವಾರ್ಟ್ಜ್-ಲೋಡ್-ಫೆಮ್ಟೋಫ್ಯಾರಡ್ಸ್ ಅಂತ ಪ್ರಾಪರ್ಟಿ, 7000 ಇಲ್ಲಾ 12500, ನಿನ್ನ 32 ಕಿಲೋಹರ್ಟ್ಜ್ ಕ್ರಿಸ್ಟಲಿನ ಡೇಟಾಶೀಟ್ ಪ್ರಕಾರ ಹಾಕು. 12.5 ಪಿಕೋಫ್ಯಾರಡ್ ಕ್ರಿಸ್ಟಲಿಗೆ 7 ಇದ್ರ ಗಡಿಯಾರ ಮುಂದ ಓಡ್ತದ, ನಿಂದು ಹಿಂದ ಬೀಳ್ಲತ್ತದ ಅಂದ್ರ ಅದು ಬಿಸಿಲು. ಆ ನಮೂನಿ ಕ್ರಿಸ್ಟಲ್ 25 ಡಿಗ್ರಿಗೆ ಸರಿ ಇರ್ತದ, ಅಲ್ಲಿಂದ ಎಷ್ಟ್ ಡಿಗ್ರಿ ದೂರ ಹೋತೋ ಅದರ ವರ್ಗಕ್ಕ 0.034 ಪಿಪಿಎಂ (ಹತ್ತು ಲಕ್ಷದಾಗ ಒಂದು ಪಾಲು) ಹಂಗ ನಿಧಾನ ಆಗ್ತದ. ನಮ್ ಕಡಿ ಬ್ಯಾಸಗಿ, ಮ್ಯಾಲ ಪತ್ರಾ, ಅದರೊಳಗ ಡಬ್ಬಿ, 65 ಡಿಗ್ರಿ ಹಿಡಿ. 40ರ ವರ್ಗ 1600, 54 ಪಿಪಿಎಂ, ದಿನಕ್ಕ ನಾಕೂವರೆ ಸೆಕೆಂಡ್ ಮ್ಯಾಲ. ಥಂಡಿಗಿ ಬಿದ್ರೂ ನಿಧಾನೇ ಆಗ್ತದ, ಮುಂದ ಓಡಿ ಸರಿದೂಗಂಗಿಲ್ಲ. ಡಿಟಿಎಸ್‌ದಾಗ ಇದಕ್ಕ ಮದ್ದಿಲ್ಲ. ಡಿಎಸ್3231 ಆರ್‌ಟಿಸಿ ಹಾಕು, ಒಳಗೇ ಉಷ್ಣಾಂಶ ನೋಡಿ ತಿದ್ಕೋತದ, 85 ಡಿಗ್ರಿತನ 3.5 ಪಿಪಿಎಂ ಒಳಗ. ಅದಕ್ಕೂ 32 ಕಿಲೋಹರ್ಟ್ಜ್ ಔಟ್‌ಪುಟ್ ಪಿನ್ ಅದ, ಲಿನಕ್ಸ್ ಡ್ರೈವರ್ ಕ್ಲಾಕ್ ಅಂತ ಕೊಡ್ತದ, ನಿನ್ನ ವೈಫೈಗೂ ನಡೀತದ. ಓಪನ್ ಡ್ರೇನ್ ಪಿನ್ ಅದು, ಪುಲ್‌ಅಪ್ ಹಾಕು. ರೊಕ್ಕ ಮಾತ್ರ ಜಾಸ್ತಿ, ಹೈದರಾಬಾದ್ ಗುಜರಾತಿ ಗಲ್ಲಿಯೊಳಗ ಅಗ್ಗಕ್ಕ ಸಿಗ್ತದ ಅಂತ ಡುಪ್ಲಿಕೇಟ್ ತರಬ್ಯಾಡ.

ತೊಗರಿ_ಗೇಟ್‌ವೇ · ಕಲಬುರಗಿ

ಮುಂದಿನ ಲಾಟಿಗೆ 3231 ಹಾಕಿಸ್ತೀನಿ, ಯುಆರ್ಟಿಗೆ 14.7456 ನೇ ಬೇಕಂತ ಬರದು ಕೊಡ್ತೀನಿ, ಬದ್ಲಿ ಹಾಕಬ್ಯಾಡ್ರಿ ಅಂತ ಕೆಂಪು ಅಕ್ಷರದಾಗ. ಆದ್ರ ಈಗಿನ 12 ಮೆಗಾಹರ್ಟ್ಜ್ ಬೋರ್ಡ್‌ಗೋಳು ಮಿಲ್ಲಿಗೆ ಹೋಗೇ ಹೋಗ್ತಾವ. ಎರಡಕ್ಕೂ ಒಂದೇ ಸಾಫ್ಟ್‌ವೇರ್ ಇಮೇಜ್ ಇಡ್ಬೇಕು, ಫೀಲ್ಡ್‌ದಾಗ ಹುಡುಗ್ರು ಯಾವ ಇಮೇಜ್ ಯಾವ ಬೋರ್ಡಿಗೆ ಅಂತ ನೋಡಂಗಿಲ್ಲ.

ಶಹಾಪುರ_ಅಕ್ಕ · ಶಹಾಪುರ

ಕರ್ನೆಲ್ ಒಂದೇ ಇರ್ಲಿ, ಡಿಟಿಬಿ (ಡಿಟಿಎಸ್ ಕಂಪೈಲ್ ಮಾಡಿದ ಫೈಲ್) ಎರಡು ಮಾಡು. ಸಾಮಾನ್ಯ ಭಾಗ ಎಲ್ಲಾ ಒಂದು ಡಿಟಿಎಸ್‌ಐ (ಎರಡೂ ಡಿಟಿಎಸ್ ಸೇರ್ಸ್ಕೊಳ್ಳೋ ಫೈಲ್) ಒಳಗ, ಕ್ರಿಸ್ಟಲ್, ಆರ್‌ಟಿಸಿ ಮಾತ್ರ ಎರಡು ಡಿಟಿಎಸ್ ಒಳಗ. ಮೋಡೆಮ್ ಬಾಡ್ ಎರಡೂ ಲಾಟಿಗೆ 57600 ಇಟ್ಟುಬಿಡು, 14.7456ಕ್ಕ ಅದೂ ನೆಟ್ಟಗ 16 ಬರ್ತದ. ಇನ್ನ ಯಾವ ಡಿಟಿಬಿ ಅನ್ನೋದು ಯು-ಬೂಟ್ ಆರ್ಸ್ಬೇಕು, ಅದಕ್ಕ ಬೋರ್ಡ್ ಯಾವ ಲಾಟಿಂದು ಅಂತ ಒಂದು ಜಿಪಿಐಒ ಪಿನ್ ಓದಿದ್ರ ಸಾಕು. ಬೋರ್ಡ್ ಮ್ಯಾಗ ಎಲ್ಲರ ಖಾಲಿ ರೆಸಿಸ್ಟರ್ ಪ್ಯಾಡ್ ಬಿಟ್ಟೀಯೇನು, ಎಸ್‌ಒಸಿ ಪಿನ್ನಿಗೆ ಹೋಗೋದು?

ತೊಗರಿ_ಗೇಟ್‌ವೇ · ಕಲಬುರಗಿ

ಎಲ್‌ಇಡಿ ಸಲುವಾಗಿ ಬಿಟ್ಟದ್ದು ಎರಡು ಅದಾವ ಅಕ್ಕಾ, ಎಲ್‌ಇಡಿ ಹಾಕಿಲ್ಲ.

ಶಹಾಪುರ_ಅಕ್ಕ · ಶಹಾಪುರ

ಒಂದು ಸಾಕು. ಹೊಸಾ ಲಾಟಿಗೆ 10ಕೆ ಹಾಕಿ ಗ್ರೌಂಡಿಗೆ ಎಳಿ, ಹಳೇದು ಖಾಲಿ ಇರ್ಲಿ, ಯು-ಬೂಟ್‌ದಾಗ ಆ ಪಿನ್ನಿಗೆ ಒಳಗಿನ ಪುಲ್‌ಅಪ್ ಆನ್ ಮಾಡಿ ಓದು. ಒಳಗಿನ ಪುಲ್‌ಅಪ್ ಎಷ್ಟ್ ಕೆ ಅದ ಅಂತ ಡೇಟಾಶೀಟ್‌ದಾಗ ಮೊದ್ಲ ನೋಡ್ಕೋ, 20ಕೆ ಹಂಗ ಇದ್ರ 10ಕೆ ಬದ್ಲಿ 1ಕೆ ಹಾಕ್ಸು.